ಏಕನಾಥಮ್ಮ ಸಾರಿಸಿದ ಒಲೆ

ಹಿರೇಗುಂಟನೂರಿನ ಏಕನಾಥಮ್ಮನಿಗೆ ಅಡಿಗೆ ಬರುವುದಿಲ್ಲ. ಮುಚ್ಚಿಟ್ಟರೆ ಮುಚ್ಚಿಹೋಗುವ ಸಂಗತಿಯೇ ಅದು? ಊರಿಗೆಲ್ಲ ಗೊತ್ತು. ಅವಳು ತಿರುವಿದ ಮುದ್ದೆಯಲ್ಲಿ ಗಂಟು, ಕಾಯಿಸಿದ ಸಾರಿನಲ್ಲಿ ಹೊಗೆ ವಾಸನೆ, ಹುರುಳಿ ಬೇಯಲಿಟ್ಟರೆ ತಳ ಹಿಡಿಸದೆ ಇಳಿಸಿದ ದಿನವಿಲ್ಲ. ಗಂಡ ಚಿತ್ರಲಿಂಗಪ್ಪ ಕುರಿಮಂದೆಯ ಹಿಂದೆ ಊರೂರು ಅಲೆದು, ಸಿಕ್ಕಿದ ಕಡೆ ಸಿಕ್ಕಿದ್ದನ್ನು ಉಂಡು ಬೆಳೆದ ಜೀವ. ಅದಕ್ಕೇ ಸಂಸಾರ ನಿಂತಿದೆ ಎನ್ನುವವರಿದ್ದಾರೆ. ಏಕನಾಥಮ್ಮ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವವಳಲ್ಲ. ತುರುವನೂರಿನ ಹೆಣ್ಣು ಅವಳು. ಬಾಯಿ ತೆಗೆದರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯಬೇಕು. "ಬೇಯ್ಸಾಕೆ ಬರಲ್ಲ ನಿಜ ಕಣ್ರಿ, ನಿಮ್ಮನ್ನೇನು ಉಣ್ಣಾಕೆ ಕರೆದಿಲ್ವಲ್ಲ" ಎಂದುಬಿಡುತ್ತಿದ್ದಳು.

ಅತ್ತೆ ಬದುಕಿದ್ದಾಗ ಈ ಸೊಸೆಗೆ ಅಡಿಗೆ ಕಲಿಸಲು ಪಡಬಾರದ ಪಾಡು ಪಟ್ಟು, ಕೊನೆಗೆ ಕೈಮುಗಿದು ಒಂದೇ ಒಂದು ಮಾತಿಗೆ ಇಳಿದಿದ್ದಳು. "ನೋಡವ್ವ, ನಿನಗೆ ಅಡಿಗೆ ಬರ್ಲಿ ಬಿಡ್ಲಿ. ಒಲೆ ಮಾತ್ರ ಬೂದಿ ಮುಖ ಇಟ್ಕಂಡು ಸೂರ್ಯನ್ನ ನೋಡ್ಬಾರ್ದು. ಎದ್ದ ಕೂಡ್ಲೆ ಸಗಣಿ ಹಾಕಿ ಸಾರ್ಸು, ಎರಡೆಳೆ ರಂಗೋಲಿ ಬಿಡು. ಅಷ್ಟ್ ಮಾಡು, ನನಗದೇ ಸಾಕು." ಅಷ್ಟನ್ನು ಮಾತ್ರ ಏಕನಾಥಮ್ಮ ಶಿರಸಾ ವಹಿಸಿ ಮಾಡಿದಳು. ಗ್ಯಾಸು ಬಂದ ಮೇಲೂ ಹಿತ್ತಲಿನ ನೀರೊಲೆಯನ್ನು ಸಾರಿಸದೆ ಅವಳು ಮುಖ ತೊಳೆದವಳಲ್ಲ. ಕಣ್ಣು ಪೂರ್ತಿ ಬಿಡುವ ಮೊದಲೇ ಕೈ ಆ ಕೆಲಸ ಮುಗಿಸಿರುತ್ತಿತ್ತು.

ಊರಾಚೆ, ಹೊಲಗಳು ಮುಗಿದು ಕುರುಚಲು ಶುರುವಾಗುವಲ್ಲಿ ಒಂದು ದಿಬ್ಬವಿದೆ. ಹಾಳೂರು ದಿಬ್ಬ ಎನ್ನುತ್ತಾರೆ. ಅಲ್ಲಿ ಯಾವ ಊರಿತ್ತು, ಯಾರಿದ್ದರು ಎಂದು ಯಾರೂ ಕೇಳಿದವರಿಲ್ಲ. ನೇಗಿಲಿಗೆ ಮಡಕೆ ಚೂರು ಸಿಕ್ಕರೆ ಬದುವಿನಾಚೆ ಎಸೆಯುತ್ತಿದ್ದರು, ಅಷ್ಟೆ. ಸುಗ್ಗಿ ಮುಗಿದ ಮೇಲೆ ಜಯಶೀಲಾ ಮೇಡಂ ಎಂಬುವವರು ತಮ್ಮ ತಂಡದ ಜತೆ ಬಂದು, ದಿಬ್ಬಕ್ಕೆ ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಚೌಕ ಚೌಕ ಗುಂಡಿ ಗುರುತು ಮಾಡಿ ಅಗೆಸತೊಡಗಿದರು. ಹಳೆಯ ಕಾಲದ ಜನ ಹೇಗೆ ಬದುಕಿದ್ದರು ಎಂದು ಮಣ್ಣಿನಲ್ಲಿ ಹುಡುಕುವುದು ಅವರ ಕಸುಬು. ಹೊಸದುರ್ಗದ ಕಡೆಯ ಹೆಣ್ಣುಮಗಳು. ಓದು ಎಷ್ಟೇ ದೊಡ್ಡದಿರಲಿ, ಸಿಟ್ಟು ಬಂದಾಗ ಬಾಯಲ್ಲಿ ಹೊಸದುರ್ಗವೇ ಬರುತ್ತಿತ್ತು.

ಆ ಕೆಲಸಕ್ಕೆ ಏಕನಾಥಮ್ಮನೂ ಸೇರಿದಳು, ನೆರೆಮನೆಯ ಗೆಳತಿ ಮುದ್ದಕ್ಕನೂ ಸೇರಿದಳು. ಗಂಡಸರು ಗುಂಡಿಯಲ್ಲಿ ಕೂತು ಕರಣೆಯಿಂದ ಮಣ್ಣು ಕೆರೆಯುವುದು, ಹೆಂಗಸರು ಆ ಮಣ್ಣನ್ನು ಬಾಂಡ್ಲಿಯಲ್ಲಿ ಹೊತ್ತು ಸುರಿಯುವುದು. ಹೀಗೆಂದು ಮೇಡಂ ಹೇಳಿದ್ದಲ್ಲ, ಮೇಸ್ತ್ರಿ ತಿಪ್ಪಯ್ಯ ಹೇಳಿದ್ದು. ತಿಪ್ಪಯ್ಯನ ಅಪ್ಪ ಚಂದ್ರವಳ್ಳಿಯಲ್ಲಿ ಅಗೆತ ನಡೆದಾಗ ಗುದ್ದಲಿ ಹಿಡಿದಿದ್ದನಂತೆ. ಆ ಮಾತನ್ನು ದಿನಕ್ಕೊಂದು ಸಲ ಆಡದಿದ್ದರೆ ತಿಪ್ಪಯ್ಯನಿಗೆ ಉಂಡದ್ದು ಅರಗುತ್ತಿರಲಿಲ್ಲ. ಗುಂಡಿಯೊಳಗಿನ ಗಂಡಸು ತಲೆ ಎತ್ತದೆ "ಮಣ್ಣ್!" ಎಂದು ಕೂಗುತ್ತಿದ್ದ, ಮೇಲೆ ನಿಂತ ಹೆಂಗಸು ಇಳಿದು ಬಾಂಡ್ಲಿ ಎತ್ತಿಕೊಂಡು ಹೋಗುತ್ತಿದ್ದಳು. ಬೆಳಗಿಂದ ಬೈಗಿನವರೆಗೂ ಅದೇ ಕೂಗು.

ಹೊರುವುದಕ್ಕೆ ಏಕನಾಥಮ್ಮ ಹಿಂದುಮುಂದು ನೋಡುವವಳಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಬೇರೆಯದಕ್ಕೆ. ಗುಂಡಿಯ ತಳದಲ್ಲಿ ಮಣ್ಣು ಸರಿದು ಮಣಿಯೋ ಮಡಕೆಯ ಕಂಠವೋ ಮೊದಲ ಸಲ ಇಣುಕುತ್ತದಲ್ಲ, ಆ ಗಳಿಗೆ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ಅವಳು ಸುರಿದು ವಾಪಸ್ ಬರುವಷ್ಟರಲ್ಲಿ ಎಲ್ಲರೂ ನೋಡಿ ಆಗಿರುತ್ತಿತ್ತು. ಹೊತ್ತ ಮಣ್ಣೆಲ್ಲ ನಮ್ಮದು, ಕಂಡದ್ದೆಲ್ಲ ಅವರದು. ಇದ್ಯಾವ ಸೀಮೆ ನ್ಯಾಯ! ಒಂದು ದಿನ ತಡೆಯಲಾರದೆ ತುಂಬಿದ ಬಾಂಡ್ಲಿಯನ್ನು ಮೇಡಂ ಕಾಲ ಬಳಿಯೇ ದಬಕ್ಕನೆ ಇಳಿಸಿದಳು.

"ಮೇಡಂ, ನನಗೊಂದು ಕರಣೆ ಕೊಡ್ರಿ. ಮಣ್ಣು ಕೆರೆಯಾಕೆ ಮೀಸೆ ಬೇಕೇನು?"

ಮೇಡಂ ನಕ್ಕರು. ತಿಪ್ಪಯ್ಯ ನಗಲಿಲ್ಲ. "ಇದು ಕಳೆ ಕೀಳೋ ಕೆಲ್ಸ ಅಲ್ಲ ಕಣಮ್ಮ. ತಾಳ್ಮೆ ಬೇಕು. ನಿನ್ ಬಾಯಿಗೂ ಕೈಗೂ ಎರಡಕ್ಕೂ ಅದು ಇಲ್ಲ" ಎಂದ. ಕೊನೆಗೆ ಮೇಡಂ ದಿಬ್ಬದ ಅಂಚಿನಲ್ಲಿ, ಯಾರೂ ಏನೂ ಸಿಗುತ್ತದೆಂದು ನಂಬದ ಮೂಲೆಯಲ್ಲಿ ಅವಳಿಗೊಂದು ಚಿಕ್ಕ ಗುಂಡಿ ಕೊಟ್ಟರು. ಮೇಸ್ತ್ರಿಯ ಸಿಟ್ಟು ಏರಬಾರದು, ಇವಳ ಆಸೆಯೂ ಕೆಡಬಾರದು ಎಂದು ಹಾಗೆ ಮಾಡಿದ್ದು. ಅವಳ ಗುಂಡಿಗೆ ಮುದ್ದಕ್ಕನೇ ಬಾಂಡ್ಲಿ ಹೊತ್ತಳು.

ಆ ಗುಂಡಿಯಲ್ಲಿ ಎಷ್ಟು ದಿನ ಕಳೆದರೂ ಕಲ್ಲು, ಬೇರು, ಇಲಿಬಿಲ, ಮತ್ತೆ ಕಲ್ಲು. "ಏಕನಾಥಮ್ಮ ಬಾವಿ ತೋಡ್ತಾವ್ಳೆ, ನೀರು ಬಿದ್ರೆ ನಮಗೂ ಒಂದ್ ಕೊಡ ಬಿಡಮ್ಮೋ" ಎಂದು ಪಕ್ಕದ ಗುಂಡಿಯ ಓಬಳೇಶ್ ರೇಗಿಸುತ್ತಿದ್ದ. ಅವಳೂ ಬಡ್ಡಿ ಸಮೇತ ತಿರುಗಿಸಿ ಕೊಡುತ್ತಿದ್ದಳು. ಆದರೆ ಒಂದು ಗುರುವಾರ ಸಂಜೆ, ಎಲ್ಲರೂ ಕೈಕಾಲು ತೊಳೆದುಕೊಳ್ಳುವ ಹೊತ್ತಿಗೆ, ಅವಳ ಕರಣೆಯ ಕೆಳಗೆ ಕಂದು ಮಣ್ಣು ಸರಿದು ಕೆಂಪು ಕಂಡಿತು. ಬೆಂಕಿಯಲ್ಲಿ ಬೆಂದ ಕೆಂಪು. ಇನ್ನಷ್ಟು ಕೆರೆದರೆ ಅರ್ಧಚಂದ್ರದ ಹಾಗೆ ಮಣ್ಣಿನ ದಂಡೆ, ಮೂರು ಕರಿ ಕಲ್ಲು, ನಡುವೆ ಬೂದಿ.

"ಮೇಡಂ! ಬರ್ರಿ ಬರ್ರಿ! ಒಲೆ! ಒಲೆ ಐತೆ ಕಣ್ರಿ ಇಲ್ಲಿ!"

ಅವಳ ಕೂಗು ಡಾಂಬರು ರಸ್ತೆಯವರೆಗೂ ಕೇಳಿಸಿತಂತೆ. ಮೇಡಂ ಓಡಿಬಂದು ಗುಂಡಿಗಿಳಿದು, ಅವಳ ಭುಜ ಹಿಡಿದು ಅಲ್ಲಾಡಿಸಿದರು. ಆ ದಿಬ್ಬದಲ್ಲಿ ಅಲ್ಲಿಯವರೆಗೆ ಒಲೆಯೆಂಬುದೇ ಸಿಕ್ಕಿರಲಿಲ್ಲ. ಒಲೆ ಸಿಕ್ಕರೆ ಜನ ಏನು ಉಂಡರು, ಯಾವ ಕಾಲದಲ್ಲಿ ಉಂಡರು ಎಲ್ಲವೂ ಸಿಕ್ಕಂತೆ. ಬೆಳಿಗ್ಗೆ ಬೆಳಕು ಬಂದ ಮೇಲೆ ಬೂದಿ ತೆಗೆದು ಲ್ಯಾಬಿಗೆ ಕಳಿಸೋಣ ಎಂದು ಮೇಡಂ ಟಾರ್ಪಾಲ್ ಹೊದಿಸಿ, ಪಕ್ಕದಲ್ಲಿ ನಂಬರಿನ ಚೀಟಿ ನೆಟ್ಟು ಹೋದರು. ತಿಪ್ಪಯ್ಯ ಅವಳ ಕರಣೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ತನ್ನ ಟಿವಿಎಸ್ ಹತ್ತಿದ. ಏಕನಾಥಮ್ಮ ಅವತ್ತು ನೆಲದ ಮೇಲೆ ನಡೆಯಲಿಲ್ಲ ಬಿಡಿ.

ಇನ್ನು ಶುಕ್ರವಾರದ ಕಥೆ. ಹೇಳಲು ನಗುವೂ ಬರುತ್ತದೆ, ಎದೆಯೂ ಹೊಡೆದುಕೊಳ್ಳುತ್ತದೆ. ಬೆಳಕು ಹರಿಯುವ ಮೊದಲೇ ಅವಳಿಗೆ ಎಚ್ಚರ. ತನ್ನ ಒಲೆಯನ್ನು ಯಾರೂ ಬರುವ ಮುಂಚೆ ಒಂದು ಸಲ ನೋಡಬೇಕೆಂಬ ಚಪಲ. ದಿಬ್ಬಕ್ಕೆ ಹೋಗಿ, ಗುಂಡಿಗಿಳಿದು, ಟಾರ್ಪಾಲ್ ಸರಿಸಿದಳು. ಮೂಡಣದಲ್ಲಿ ಕೆಂಪಾಗುತ್ತಿತ್ತು. ಒಲೆ ಬೂದಿ ಮುಖ ಹೊತ್ತು ಬಿಕೋ ಎನ್ನುತ್ತಿತ್ತು. ಅಯ್ಯೋ ಪಾಪವೇ ಅನ್ನಿಸಿತು. ಆಮೇಲೆ ನಡೆದದ್ದು ಅವಳಿಗೂ ಸರಿಯಾಗಿ ನೆನಪಿಲ್ಲ. ದಾರಿಯಲ್ಲಿ ದನ ಹಾಕಿದ ಸಗಣಿ ಇತ್ತು, ಕುಡಿಯಲು ತಂದ ಬಾಟಲಿಯಲ್ಲಿ ನೀರಿತ್ತು. ಅತ್ತೆ ಕಲಿಸಿದ ಕೈ ತನ್ನ ಪಾಡಿಗೆ ತಾನು ದಂಡೆಯನ್ನೂ ಕಲ್ಲನ್ನೂ ಬೂದಿಯನ್ನೂ ಸೇರಿಸಿ ನುಣ್ಣಗೆ ಸಾರಿಸಿಬಿಟ್ಟಿತು. ರಂಗೋಲಿಗೆ ಗುಂಡಿ ಗುರುತು ಮಾಡುವ ಸುಣ್ಣದ ಪುಡಿ ಸಿಕ್ಕಿತು, ಎರಡೆಳೆ ಬಿಟ್ಟಳು. ಕೈ ಒರೆಸಿಕೊಂಡು, ಚೆಂದ ಕಾಣಿಸ್ತಲ್ಲ ಎಂದು ಹಿಂದೆ ಸರಿದು ನೋಡಿದಾಗ ರಂಗೋಲಿಯ ಪಕ್ಕದಲ್ಲಿ ನಂಬರಿನ ಚೀಟಿ ಕಂಡಿತು.

ತೊಳೆಯೋಣವೆಂದರೆ ಇನ್ನಷ್ಟು ಕೆಡುತ್ತದೆ. ಓಡಿಹೋಗೋಣವೆಂದರೆ ಎಲ್ಲಿಗೆ? ಅಷ್ಟರಲ್ಲಿ ತಿಪ್ಪಯ್ಯನ ಟಿವಿಎಸ್ ಸದ್ದು. ಹಿಂದೆಯೇ ಕೆಲಸದವರು, ಅವರ ಹಿಂದೆಯೇ ಮೇಡಂ ಜೀಪು.

ಎಲ್ಲರೂ ಗುಂಡಿಯ ಸುತ್ತ ನಿಂತರು. ಮುದ್ದಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಕಾಯಿ ಒಂದು ಒಡೆದ್ರೆ ಪೂಜೆ ಮುಗೀತು" ಎಂದ ಓಬಳೇಶ್. ಮೇಡಂ ಗುಂಡಿಗೆ ಬಗ್ಗಿ ನೋಡಿದರು. ಆಮೇಲೆ ಬಾಯಲ್ಲಿ ಹೊಸದುರ್ಗ ಬಂತು.

"ಅಯ್ಯೋ, ನಿನ್ ಕೈಗಿಷ್ಟು ಬೆಂಕಿ ಹಾಕ! ಏನಮ್ಮ ಇದು, ಏನ್ ಮಾಡ್ದೆ?"

"ನಾನ್ ಮಾಡಿಲ್ಲ ಮೇಡಂ. ಕೈ ಮಾಡ್ತು" ಎಂದಳು ಏಕನಾಥಮ್ಮ. ಅವಳ ಬಾಯಿಂದ ಅಷ್ಟು ಸಣ್ಣ ದನಿ ಯಾರೂ ಕೇಳಿರಲಿಲ್ಲ.

"ಸಗಣಿ ಅಂದ್ರೇನು ಗೊತ್ತಾ? ಈ ವರ್ಷದ ಹುಲ್ಲು. ಹಳೇ ಬೂದಿಗೆ ಈ ವರ್ಷದ ಹುಲ್ಲು ಬೆರೆತ್ರೆ ಲ್ಯಾಬಿನೋರು ಈ ಒಲೆ ಮೊನ್ನೆ ಹಚ್ಚಿದ್ದು ಅಂತ ಬರೆದು ಕಳಿಸ್ತಾರೆ. ಮುಗೀತು. ಇದರ ಬೂದಿ ಇನ್ ಕೆಲ್ಸಕ್ಕೆ ಬರಲ್ಲ."

ತಿಪ್ಪಯ್ಯ ಮುಂದೆ ಬಂದ. ಅವನು ಕೂಗಾಡಲಿಲ್ಲ; ಅದೇ ಹೆಚ್ಚು ಉರಿಯಿತು. "ಕರಣೆ ಇಸ್ಕಳ್ರಿ ಮೇಡಂ, ಬಾಂಡ್ಲಿ ಕೊಡ್ರಿ. ಇನ್ ಮ್ಯಾಲೆ ಯಾವ ಹೆಂಗಸೂ ಗುಂಡಿಗೆ ಇಳಿಯೋದು ಬ್ಯಾಡ. ನಾನ್ ಮೊದ್ಲೇ ಹೇಳಿರ್ಲಿಲ್ವಾ?"

ಮುದ್ದಕ್ಕ ತಲೆ ತಗ್ಗಿಸಿದಳು. ಮುಂದಿನ ವರ್ಷ ನಾನೂ ಕರಣೆ ಹಿಡಿಯುತ್ತೇನೆ ಎಂದು ಹಿಂದಿನ ದಿನವಷ್ಟೇ ಅವಳು ಗೆಳತಿಯ ಕಿವಿಯಲ್ಲಿ ಹೇಳಿದ್ದಳು. ಏಕನಾಥಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಒಬ್ಬಳ ಕೈ ಮಾಡಿದ ಕೆಲಸಕ್ಕೆ ಹೆಂಗಸರ ಕೈಗೆಲ್ಲ ಶಿಕ್ಷೆ.

ಮೇಡಂ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಲೆಯನ್ನೇ ನೋಡಿದರು. ಸಿಟ್ಟು ಇಳಿದ ಮೇಲೆ ಹೇಳಿದರು: "ಮೇಲಿಂದು ಹೋಯ್ತು. ಆದ್ರೆ ಒಲೆನ ಜನ ಒಂದೇ ಸಲ ಹಾಕಿ ಬಿಡಲ್ಲ. ಹಳೇದು ಸವೆದ್ರೆ ಅದನ್ನೇ ಮಣ್ಣು ಹಾಕಿ ಮುಚ್ಚಿ, ಅಲ್ಲೇ ಮ್ಯಾಲೆ ಹೊಸದು ಹಾಕ್ತಾರೆ. ಕೆಳಗೆ ಇನ್ನೊಂದು ಇದ್ರೆ ಅದಕ್ಕೆ ಈ ಸಗಣಿ ಮುಟ್ಟಿರಲ್ಲ. ಈ ಒಲೆ ಅರ್ಧ ಹಂಗೇ ಬಿಟ್ಟು, ಇನ್ನರ್ಧ ಪದರ ಪದರ ತೆಗೆದು ನೋಡಾಣ."

"ನಾನಿಳೀತೀನಿ" ಎಂದ ತಿಪ್ಪಯ್ಯ.

"ಬೇಡಿ. ಬಳಿದೋಳೇ ಕೀಳ್ಲಿ. ಎಷ್ಟು ದಪ್ಪ ಬಳಿದಾಳೆ ಅಂತ ಅವಳ ಕೈಗೇ ಗೊತ್ತು." ಮೇಡಂ ಏಕನಾಥಮ್ಮನ ಕಡೆ ತಿರುಗಿದರು. "ಕೇಳಿಸ್ಕ. ಮೇಲಿನ ಪದರದ್ದು ಒಂದು ಚಿಟಿಕೆ ಕೆಳಗಿಂದಕ್ಕೆ ಬೆರೆತ್ರೂ ಆವತ್ತೇ ಕರಣೆ ಕೆಳಗಿಡ್ಬೇಕು. ಆಮೇಲೆ ಮೇಸ್ತ್ರಿ ಏನಂದ್ರೂ ನಾನು ಅಡ್ಡ ಬರಲ್ಲ."

ಶುಕ್ರವಾರ ಬಿಸಿಲಿಗೆ ಸಗಣಿ ಒಣಗಿ ಅಂಚು ಮೇಲೆದ್ದಿತು. ಅದನ್ನು ಬಿದಿರು ಸೀಳಿನಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಏಕನಾಥಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ಚಿತ್ರಲಿಂಗಪ್ಪ ಕುರಿಗಳನ್ನು ರೊಪ್ಪದ ಬೇಲಿಯೊಳಗೆ ಕೂಡಿಹಾಕಿ ಬಂದ. ಸುದ್ದಿ ಅವನಿಗಿಂತ ಮೊದಲೇ ಊರು ಸುತ್ತಿ ಬಂದಿತ್ತು.

"ಒಲೆ ಮುಂದೆ ಕುಂತ್ರೆ ಅನ್ನ ಸೀಸ್ತೀಯ, ಒಲೆ ಕಂಡ್ರೆ ಸಗಣಿ ಬಳೀತೀಯ. ನಿನಗೂ ಒಲೆಗೂ ಆಗಿ ಬರಲ್ಲ ಬಿಡು" ಎಂದು ನಕ್ಕ. ಹೆಂಡತಿ ತಿರುಗಿ ಬೈಯದೇ ಇದ್ದದ್ದು ನೋಡಿ ಅವನಿಗೇ ಗಾಬರಿಯಾಯಿತು. ಪಕ್ಕದಲ್ಲಿ ಕೂತ. "ಉಣ್ಣೆ ಕತ್ತರ್ಸೋದು ನೋಡೀಯಲ್ಲ. ಕತ್ರಿ ಮಲಗ್ಸಿ ಹಿಡಿದ್ರೆ ಉಣ್ಣೆ ಬರ್ತೈತೆ, ನಿಲ್ಸಿ ಹಿಡಿದ್ರೆ ತೊಗಲು ಹರೀತೈತೆ. ಕುರಿ ಕಾಲು ಹಿಡ್ಕಂಡು ನೀನೇ ಎಷ್ಟು ವರ್ಷ ನನಗೆ ಬೈದಿಲ್ಲ, ನಿಧಾನ ನಿಧಾನ ಅಂತ? ಅದನ್ನ ನಾಳೆ ನಿನಗೇ ಹೇಳ್ಕ."

ಶನಿವಾರ ಅವಳು ಕರಣೆಯನ್ನು ಮಲಗಿಸಿ ಹಿಡಿದಳು. ಮೊದಲು ಬೂದಿ, ಅದರ ಕೆಳಗೆ ಬೆಂದ ಮಣ್ಣು. ಪ್ರತಿ ಪದರ ಮುಗಿದಾಗ ಮೇಡಂ ಬಂದು ಫೋಟೋ ಹಿಡಿಯುತ್ತಿದ್ದರು. ಬ್ರಷ್ಷಿನಿಂದ ಪೂರ್ತಿ ಗುಡಿಸಿ, ಚೂರೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದಿನದು. ಬಾಯಿಗೆ ಬೀಗ. ಓಬಳೇಶ್ ರೇಗಿಸಿ ನೋಡಿದ, ಜವಾಬಿಲ್ಲ. ಇನ್ನೊಂದು ಸಲ ರೇಗಿಸಿದ, ಆಗಲೂ ಇಲ್ಲ. "ಏಕನಾಥಮ್ಮನಿಗೆ ಮೈಯಲ್ಲಿ ಹುಷಾರಿಲ್ಲ ಕಾಣ್ತೈತೆ ಮೇಡಂ" ಎಂದು ಅವನೇ ಹೋಗಿ ಹೇಳಿದ. ತಿಪ್ಪಯ್ಯ ಗುಂಡಿಯ ಮೇಲೆ ಕೈಕಟ್ಟಿ ನಿಂತವನು ನಿಂತೇ ಇದ್ದ. ಅವಳ ಕರಣೆ ಎಲ್ಲಿ ಜಾರುತ್ತದೋ ಎಂದು ಕಾಯುತ್ತಿದ್ದ. ಜಾರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಬೆಂದ ಕೆಂಪು ಮುಗಿದು ಬರೀ ಕಂದು ಮಣ್ಣು ಬಂತು. ಬೂದಿಯಿಲ್ಲ, ಇದ್ದಲಿಲ್ಲ, ಮಡಕೆ ಚೂರೂ ಇಲ್ಲ. ಊಟ ಮುಗಿಸಿ ಮತ್ತೆ ಇಳಿದಳು; ಮತ್ತೆ ಕಂದು. ಬಿಸಿಲು ಬಾಗಿತು, ಮತ್ತೆ ಅದೇ ಕಂದು.

"ಖಾಲಿ" ಎಂದ ತಿಪ್ಪಯ್ಯ.

ಮೇಡಂ ಕೂಡ ಉಸ್ಸೆಂದರು. "ಸಾಕು ಬಿಡು ಏಕನಾಥಮ್ಮ. ನಿನ್ ಕೈಲಾದ್ದು ಮಾಡ್ದೆ."

ಏಕನಾಥಮ್ಮ ಕರಣೆ ಬಿಡಲಿಲ್ಲ. ಅತ್ತುಬಿಟ್ಟರೆ ಕಣ್ಣೀರೂ ಪದರಕ್ಕೆ ಬೆರೆಯುತ್ತದೆಂಬ ಹುಚ್ಚು ಭಯಕ್ಕೆ ಅಳಲಿಲ್ಲ. "ಈ ಮಣ್ಣು ಹಿಂಗೇ ಬಂದು ಬಿದ್ದಿದ್ದಲ್ಲ ಮೇಡಂ. ನೀವೇ ಅಂದ್ರಲ್ಲ, ಹಳೇದನ್ನ ಮಣ್ಣು ಹಾಕಿ ಮುಚ್ಚಿರ್ತಾರೆ ಅಂತ. ಮುಚ್ಚಿದ ಮಣ್ಣೇ ಇದಾಗಿದ್ರೆ? ಇನ್ನೊಂದು ಚೂರು ಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳ್ಬೇಡ, ಕೆರಿ" ಎಂದರು ಮೇಡಂ.

ಕರಣೆ ಮಲಗಿಸಿ ಇನ್ನೊಂದು ಸಲ ಎಳೆದಳು. ಇನ್ನೊಂದು ಸಲ. ಮಣ್ಣಿನ ಬಣ್ಣ ಚೂರು ಗಾಢವಾಯಿತು. ಮತ್ತೆ ಎಳೆದಾಗ, ಕರಣೆಯ ತುದಿಯ ಕೆಳಗೆ ಕೆಂಪು! ಅವಳು ಕೂಗಲಿಲ್ಲ. ಕರಣೆ ಕೆಳಗಿಟ್ಟು ಬ್ರಷ್ ತೆಗೆದುಕೊಂಡಳು. ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಗುಡಿಸಿದಳು. ಮೇಲಿನದಕ್ಕಿಂತ ದೊಡ್ಡ ದಂಡೆ, ದಪ್ಪ ಬೂದಿ, ಬೂದಿಯ ನಡುವೆ ಕಲ್ಲಿಗೆ ಒರಗಿಕೊಂಡು ಒಡೆದ ಗಡಿಗೆಯ ತಳ. ಆ ತಳಕ್ಕೆ ಕರ್ರಗೆ ಏನೋ ಅಂಟಿ ಕೂತಿತ್ತು.

ಮೇಡಂ ಗುಂಡಿಗೆ ಇಳಿದದ್ದಲ್ಲ, ಬಿದ್ದದ್ದು ಎನ್ನಬೇಕು. ಮಂಡಿಯೂರಿ, ಕನ್ನಡಕ ಮೇಲೆ ತಳ್ಳಿ, ಭೂತಗನ್ನಡಿ ಹಿಡಿದರು. "ಕಾಳು" ಎಂದರು. "ಹುರುಳಿ ಕಾಣ್ತೈತೆ ಕಣೇ! ಸುಟ್ಟು ಇದ್ದಲಾಗಿ ತಳಕ್ಕೆ ಹಿಡ್ಕಂಡೈತೆ!"

ಏಕನಾಥಮ್ಮ ಬಗ್ಗಿ ನೋಡಿದಳು. ಎರಡು ದಿನದಿಂದ ಕಟ್ಟಿಟ್ಟಿದ್ದ ಬಾಯಿ ಆಗ ಬಿಚ್ಚಿತು.

"ಲೇ ಮುದ್ದಕ್ಕ, ಬಾರೇ ಇಲ್ಲಿ! ಇವ್ಳೂ ತಳ ಹಿಡಿಸವ್ಳೆ ಕಣೇ! ಇವ್ಳೂ ನನ್ನಂಗೇ!"

ಮೇಡಂ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ಚೆನ್ನಾಗಿ ಬೇಯ್ಸಿ ಬಡಿಸಿದ್ರೆ ಉಂಡು ಮುಗ್ಸಿರೋರು, ನಮಗೇನೂ ಉಳೀತಿರ್ಲಿಲ್ಲ. ಹಸೀದು ಬಿಟ್ಟಿದ್ರೆ ಕೊಳೆತು ಹೋಗ್ತಿತ್ತು. ಸೀದಿದ್ದಕ್ಕೇ ಉಳ್ದೈತೆ. ಲ್ಯಾಬಿಗೆ ಇದಕ್ಕಿಂತ ಒಳ್ಳೇದು ನಾನೆಲ್ಲಿಂದ ತರ್ಲಿ?"

"ಎಷ್ಟು ಹಳೇದು ಮೇಡಂ?" ಎಂದು ಕೇಳಿದವನು ತಿಪ್ಪಯ್ಯ.

"ಲ್ಯಾಬಿನೋರು ಹೇಳ್ಬೇಕು ಮೇಸ್ತ್ರಿ. ದುರ್ಗದ ಕೋಟೆಗೆ ಮೊದಲ ಕಲ್ಲು ಇಡೋಕಿಂತ ಎಷ್ಟೋ ಮುಂಚಿಂದು, ಅಷ್ಟು ಮಾತ್ರ ಗ್ಯಾರಂಟಿ."

ಹೆಂಗಸರೆಲ್ಲ ಬಾಂಡ್ಲಿ ಇಳಿಸಿ ಗುಂಡಿಯ ಸುತ್ತ ಸೇರಿದರು. ಯಾವ ಕಾಲದ ಯಾವ ಮನೆಯವಳೋ, ಒಲೆಯ ಮೇಲೆ ಗಡಿಗೆಯಿಟ್ಟು ಅದೇನು ಮಾತಾಡುತ್ತ ಕೂತಳೋ, ಅಂದು ಅವಳ ಅತ್ತೆ ಏನೆಂದಳೋ! ಒಬ್ಬೊಬ್ಬರೂ ಒಂದೊಂದು ಹೇಳಿ ನಕ್ಕರು. ಏಕನಾಥಮ್ಮನ ಕಣ್ಣಲ್ಲಿ ಮಾತ್ರ ನೀರು ತುಂಬಿತು. ಈಗ ಅತ್ತರೂ ಪರವಾಗಿಲ್ಲವೆಂದು ಗುಂಡಿಯಿಂದ ಆಚೆ ಮುಖ ಮಾಡಿ, ಸೆರಗಿನಲ್ಲಿ ಒರೆಸಿಕೊಂಡಳು.

ನಗು ನಿಲ್ಲುವ ಮೊದಲೇ ಹಿರಿಯೂರಿನ ಕಡೆಯಿಂದ ಗುಡುಗು ಕೇಳಿತು. ನೋಡನೋಡುತ್ತ ಆಕಾಶ ಕಪ್ಪಾಯಿತು. ಬೇಸಿಗೆಯ ಅಡ್ಡಮಳೆಗೆ ಹೊತ್ತಿಲ್ಲ ಗೊತ್ತಿಲ್ಲ. ಮೇಡಂ ಕೂಗಿ ಎಲ್ಲರನ್ನೂ ಓಡಿಸಿದರು. ಗಂಡಸರು ತಮ್ಮ ತಮ್ಮ ಗುಂಡಿ ಮುಚ್ಚಲು, ಹೆಂಗಸರು ಜರಡಿ ಹಿಡಿದ ಚೂರುಗಳನ್ನು ಜೀಪಿಗೆ ಸೇರಿಸಲು. ಮುದ್ದಕ್ಕ ಟಾರ್ಪಾಲಿನ ತುದಿ ಹಿಡಿದು ಒಲೆಯ ಮೇಲೆ ಚಪ್ಪರದಂತೆ ಎತ್ತಿ ನಿಂತಳು. ಮೇಡಂ ಸುಟ್ಟ ಕಾಳಿನ ತಳವನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗಿಡುತ್ತಿದ್ದರು. ಬೂದಿ ಇನ್ನೂ ತೆಗೆಯುವುದಿತ್ತು. ಅದರ ಸುತ್ತ ಕೆರೆದ ಸಡಿಲ ಮಣ್ಣು ರಾಶಿ ಬಿದ್ದಿತ್ತು. ಒಂದು ಜೋರು ಮಳೆ ಬಂದರೆ ಕರಗಿ ಹರಿದು ಬೂದಿಗೆ ಸೇರುತ್ತದೆ. ಏಕನಾಥಮ್ಮ ಆ ಮಣ್ಣನ್ನು ಎರಡೂ ಕೈಯಲ್ಲಿ ಬಾಂಡ್ಲಿಗೆ ತುಂಬಿದಳು. ಕಣ್ಣು ಬೂದಿಯ ಮೇಲೆಯೇ ಇತ್ತು. ತಲೆ ಎತ್ತಲಿಲ್ಲ.

"ಮಣ್ಣ್!" ಎಂದು ಕೂಗಿದಳು.

ಕೂಗಿದ ಮೇಲೆ, ಹೊರುವವಳು ಮುದ್ದಕ್ಕ, ಅವಳ ಕೈಯಲ್ಲಿ ಟಾರ್ಪಾಲ್ ಇದೆ ಎಂದು ನೆನಪಾಯಿತು. ಆದರೆ ಯಾರೋ ಗುಂಡಿಗೆ ಇಳಿದರು. ಬಾಂಡ್ಲಿ ಎದ್ದಿತು. ಕಣ್ಣ ಮುಂದೆ ಹಾದುಹೋದ ಕಾಲು ಗಂಡಸಿನದು; ಆ ಹರಿದ ಟೈರಿನ ಚಪ್ಪಲಿ ದಿಬ್ಬದ ಮೇಲೆ ಒಬ್ಬನದೇ. ತಿಪ್ಪಯ್ಯ ತಲೆಯ ಮೇಲೆ ಟವೆಲ್ ಸುತ್ತಿ, ಅದರ ಮೇಲೆ ಬಾಂಡ್ಲಿ ಇಟ್ಟುಕೊಂಡು, ಒಂದು ಕೈಯೂರಿ ಗುಂಡಿ ಹತ್ತಿ ಹೋದ. ಸುರಿದು ಬಂದ. ಖಾಲಿ ಬಾಂಡ್ಲಿಯನ್ನು ಅವಳ ಕೈಗೆ ಸಿಗುವ ಹಾಗೆ ಪಕ್ಕದಲ್ಲಿಟ್ಟ. ಮೊದಲ ಹನಿಗಳು ಟಾರ್ಪಾಲಿನ ಮೇಲೆ ಪಟಪಟನೆ ಬೀಳತೊಡಗಿದ್ದವು.

"ಇನ್ನೂ ಐತೇನಮ್ಮ?" ಎಂದು ಕೇಳಿದ.

"ಐತೆ ಮೇಸ್ತ್ರಿ, ಅಲ್ಲೇ ನಿಂತ್ಕಳ್ರಿ" ಎಂದಳು ಏಕನಾಥಮ್ಮ, ತಲೆ ಎತ್ತದೆ.